ಎಂಎಕ್ಸ್-5, ಝೆಡ್4, ಬಾಕ್ಸ್‌ಸ್ಟರ್: ಜರ್ಮನಿಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಸಾಕುವವರಿಗೆ ಒಂದು ಹೋಲಿಕೆ

ಬಾಷ್, ಮರ್ಸಿಡಿಸ್-ಬೆಂಜ್‌ನಂತಹ ಕಂಪನಿಗಳ ದೊಡ್ಡ ತಾಂತ್ರಿಕ ಕೇಂದ್ರಗಳು ಬೆಂಗಳೂರಿನಲ್ಲಿ ಇರುವುದರಿಂದ, ಅಲ್ಲಿಂದ ಸ್ಟುಟ್‌ಗಾರ್ಟ್ ಕಡೆಗೆ ಕೆಲಸದ ಮೇಲೆ ಬರುವ ಕನ್ನಡಿಗರಿಗೆ ಕೊರತೆಯಿಲ್ಲ. ಊರಿನಲ್ಲಿದ್ದಾಗ ಪತ್ರಿಕೆಯ ಚಿತ್ರಗಳಲ್ಲಷ್ಟೇ ನೋಡಿದ್ದ ಎರಡು ಸೀಟಿನ, ಛಾವಣಿ ತೆರೆಯುವ ಕಾರುಗಳು ಇಲ್ಲಿ ಹದಿನೈದು ವರ್ಷ ಹಳತಾದ ಮೇಲೆ ಹೊಸ ಸಣ್ಣ ಕಾರೊಂದರ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಸಿಗುತ್ತವೆ ಎಂಬುದು ತಿಳಿದಾಗ ಅನೇಕರ ಮನಸ್ಸು ಅತ್ತ ಹರಿಯುತ್ತದೆ. ಹೀಗೆ ಹುಡುಕುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಉಳಿಯುವುದು ಮೂರು ಹೆಸರುಗಳು: 2005ರಿಂದ 2015ರವರೆಗೆ ತಯಾರಾದ, ಎನ್‌ಸಿ ಎಂದು ಕರೆಯಲಾಗುವ ಮೂರನೆಯ ತಲೆಮಾರಿನ ಮಾಜ್ದಾ ಎಂಎಕ್ಸ್-5, 2002ರಿಂದ 2008ರವರೆಗಿನ ಬಿಎಂಡಬ್ಲ್ಯು ಝೆಡ್4, ಮತ್ತು 2004ರ ಕೊನೆಯಲ್ಲಿ ಬಂದ ಪೋರ್ಷೆ ಬಾಕ್ಸ್‌ಸ್ಟರ್ 987. ಇವುಗಳಲ್ಲಿ ಮಾಜ್ದಾ ಕೆಲವು ವರ್ಷ ನನ್ನದಾಗಿತ್ತು, ಬಾಕ್ಸ್‌ಸ್ಟರ್ ಈಗ ನನ್ನ ಬಳಿ ಇದೆ, ಝೆಡ್4 ಗೆಳೆಯನದ್ದಾದರೂ ಅದನ್ನು ಓಡಿಸಿದ್ದಕ್ಕೂ ಅದರ ಆರೈಕೆಯಲ್ಲಿ ಕೈಜೋಡಿಸಿದ್ದಕ್ಕೂ ಲೆಕ್ಕವಿಲ್ಲ.

ಮೂರನ್ನೂ ತೂಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಲ್ಲಿಯವರು ಇಂತಹ ಕಾರನ್ನು ಕೊಳ್ಳುವಾಗ ಯೋಚಿಸುವುದು ಅದನ್ನು ಎಷ್ಟು ಚೆನ್ನಾಗಿ ಓಡಿಸಬಹುದು ಎಂಬುದನ್ನು. ನಾವು ಯೋಚಿಸಬೇಕಾದದ್ದು ಅದನ್ನು ಎಷ್ಟು ಸುಲಭವಾಗಿ ಬಿಟ್ಟುಹೋಗಬಹುದು ಎಂಬುದನ್ನೂ. ಕೆಲಸದ ಕರಾರು, ವಾಸದ ಪರವಾನಗಿ, ಊರಿನಲ್ಲಿರುವ ತಂದೆತಾಯಿಯರ ಆರೋಗ್ಯ, ಇವುಗಳಲ್ಲಿ ಯಾವುದು ಯಾವಾಗ ನಮ್ಮನ್ನು ಎಬ್ಬಿಸುತ್ತದೆಯೋ ಹೇಳಲಾಗದು. ಕಾರನ್ನು ಜೊತೆಗೆ ಒಯ್ಯುವ ಆಸೆಯನ್ನು ಆರಂಭದಲ್ಲೇ ಬಿಡುವುದು ಒಳ್ಳೆಯದು, ಏಕೆಂದರೆ ಮೂರು ವರ್ಷಕ್ಕಿಂತ ಹಳೆಯ ಅಥವಾ ಎಡಭಾಗದಲ್ಲಿ ಸ್ಟೀರಿಂಗ್ ಇರುವ ಬಳಸಿದ ಕಾರಿನ ಆಮದಿಗೆ ಭಾರತದ ನಿಯಮ ಅವಕಾಶ ಕೊಡುವುದಿಲ್ಲ, ಈ ಮೂರೂ ಕಾರುಗಳು ಎರಡೂ ಕಾರಣಗಳಿಂದ ಹೊರಗುಳಿಯುತ್ತವೆ. ಆದ್ದರಿಂದ ಕೊಳ್ಳುವ ದಿನವೇ ಮಾರುವ ದಿನದ ಲೆಕ್ಕವೂ ತಲೆಯಲ್ಲಿರಬೇಕು.

ಕಾಗದಪತ್ರದ ವಿಷಯ ಮೂರಕ್ಕೂ ಒಂದೇ ಆದ್ದರಿಂದ ಬೇಗ ಮುಗಿಸುತ್ತೇನೆ. ಭಾರತದ ಚಾಲನಾ ಪರವಾನಗಿ ಇಲ್ಲಿ ವಾಸ ಆರಂಭವಾದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಬಳಿಕ ಲಿಖಿತ ಮತ್ತು ಚಾಲನಾ ಪರೀಕ್ಷೆ ಎರಡನ್ನೂ ಬರೆದು ಜರ್ಮನ್ ಪರವಾನಗಿ ಪಡೆಯಬೇಕು. ಅಪಘಾತವಿಲ್ಲದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿಗೆ ಊರಿನ ದಾಖಲೆಯನ್ನು ಪರಿಗಣಿಸುವುದು ಬಿಡುವುದು ಆಯಾ ಕಂಪನಿಯ ಇಚ್ಛೆ, ಹಾಗಾಗಿ ಹೊಸದಾಗಿ ಬಂದವರಿಗೆ ಕಾರಿನ ಬೆಲೆಗಿಂತ ವಿಮೆಯ ಕಂತೇ ಹೆಚ್ಚು ಬೆಚ್ಚಿಬೀಳಿಸುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಋತುಮಾನದ ನಂಬರ್ ಪ್ಲೇಟ್ ತೆಗೆದುಕೊಂಡರೆ ತೆರಿಗೆಯೂ ವಿಮೆಯೂ ಆ ತಿಂಗಳುಗಳಿಗೆ ಮಾತ್ರ. ಆದರೆ ಉಳಿದ ತಿಂಗಳು ಕಾರು ಸಾರ್ವಜನಿಕ ರಸ್ತೆಯ ಬದಿಯಲ್ಲಿ ನಿಲ್ಲುವಂತಿಲ್ಲ, ಗ್ಯಾರೇಜು ಬೇಕೇ ಬೇಕು. ಬಾಡಿಗೆ ಮನೆಯ ಜೊತೆ ಗ್ಯಾರೇಜು ಇಲ್ಲದವರು ಅದರ ತಿಂಗಳ ಬಾಡಿಗೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

ತೆರಿಗೆಯಲ್ಲಿ ವ್ಯತ್ಯಾಸವಿದ್ದರೂ ಅದು ಯಾರ ನಿರ್ಧಾರವನ್ನೂ ಬದಲಿಸುವಷ್ಟಿಲ್ಲ. 2009ರ ಜುಲೈಗೆ ಮೊದಲು ನೋಂದಣಿಯಾದ, ಹೊಗೆಯ ಮಾನದಂಡದಲ್ಲಿ ಯೂರೊ 4 ಮಟ್ಟದ ಪೆಟ್ರೋಲ್ ಕಾರಿಗೆ ಪ್ರತಿ 100 ಸಿಸಿಗೆ 6.75 ಯೂರೊ. ಅದರಂತೆ ಎರಡು ಲೀಟರಿನ ಮಾಜ್ದಾಗೆ ವರ್ಷಕ್ಕೆ 135, 2.7 ಲೀಟರಿನ ಬಾಕ್ಸ್‌ಸ್ಟರಿಗೆ ಸುಮಾರು 182, ಮೂರು ಲೀಟರಿನ ಝೆಡ್4ಗೆ ಸುಮಾರು 202 ಯೂರೊ ಆಗುತ್ತದೆ. ಏಳು ತಿಂಗಳ ಪ್ಲೇಟ್ ಇದ್ದರೆ ಮಾಜ್ದಾದ ತೆರಿಗೆ ಸುಮಾರು 79 ಯೂರೊಗೆ ಇಳಿಯುತ್ತದೆ. ಒಂದು ಟೈರಿನ ಬೆಲೆಯೂ ಅಲ್ಲ.

ಓಡಿಸುವ ಸುಖದ ವಿಷಯದಲ್ಲಿ ಮೂರರ ಸ್ವಭಾವವೂ ಬೇರೆಬೇರೆ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಕಪ್ಪು ಕಾಡಿನ ಬೆನ್ನೇರಿ ಸಾಗುವ ಬಿ500 ರಸ್ತೆ ನನ್ನ ಮಟ್ಟಿಗೆ ಇವುಗಳ ಪರೀಕ್ಷಾಕಣ. ಅಲ್ಲಿ ಹಲವೆಡೆ ಗಂಟೆಗೆ 70 ಕಿಲೋಮೀಟರಿನ ಮಿತಿಯಿದೆ ಎಂಬುದು ಮುಖ್ಯ, ಏಕೆಂದರೆ ಆ ವೇಗದಲ್ಲಿ ಪೂರ್ತಿ ಬದುಕಿರುವಂತೆ ಅನಿಸುವುದು ಮಾಜ್ದಾ ಒಂದೇ. 160 ಅಶ್ವಶಕ್ತಿಯ ಅದರ ಎಂಜಿನ್ ಕಾಗದದ ಮೇಲೆ ಬಡಪಾಯಿ. ಆದರೆ 1,100 ಕಿಲೋ ಆಸುಪಾಸಿನ ತೂಕಕ್ಕೆ ಅಷ್ಟು ಸಾಕು, ಗೇರ್ ಬದಲಿಸುವುದೇ ಒಂದು ಸಂತೋಷ, ಎಂಜಿನ್ನನ್ನು ಅದರ ಮಿತಿಯವರೆಗೆ ತಿರುಗಿಸಿದರೂ ಕಾನೂನಿನೊಳಗೇ ಇರುತ್ತೇವೆ. ಬಾಕ್ಸ್‌ಸ್ಟರಿನ ಎಂಜಿನ್ ಸೀಟುಗಳ ಹಿಂದೆ, ಹಿಂದಿನ ಚಕ್ರಗಳ ಮುಂದೆ, ಮಲಗಿದ ಆರು ಸಿಲಿಂಡರುಗಳ ರೂಪದಲ್ಲಿದೆ. ಭಾರವೆಲ್ಲ ನಡುವೆ ಕೂತಿರುವುದರಿಂದ ತಿರುವಿನಲ್ಲಿ ಅದು ತೋರುವ ನೆಮ್ಮದಿಯನ್ನು ಉಳಿದೆರಡು ಮುಟ್ಟಲಾರವು, ಸ್ಟೀರಿಂಗ್ ಚಕ್ರದಲ್ಲಿ ರಸ್ತೆಯ ಪ್ರತಿಯೊಂದು ಉಬ್ಬುತಗ್ಗೂ ಓದಲು ಸಿಗುತ್ತದೆ. ಆದರೆ 240 ಅಶ್ವಶಕ್ತಿಯ ಅದರ ನಿಜವಾದ ರುಚಿ ತಿಳಿಯುವುದು ವೇಗಮಿತಿಯಿಲ್ಲದ ಆಟೊಬಾನ್ ಹೆದ್ದಾರಿಯ ತುಂಡುಗಳಲ್ಲಿ, ಹಳ್ಳಿ ರಸ್ತೆಯಲ್ಲಿ ಅದು ಸದಾ ಅರ್ಧ ನಿದ್ದೆಯಲ್ಲಿರುವಂತೆ ತೋರುತ್ತದೆ. ಝೆಡ್4ರ ಉದ್ದ ಮೂತಿಯ ಕೆಳಗಿರುವ, ಸಾಲಾಗಿ ನಿಂತ ಆರು ಸಿಲಿಂಡರುಗಳ ಎಂಜಿನ್, ಅದರಲ್ಲೂ 2006ರ ಪರಿಷ್ಕರಣೆಯ ಬಳಿಕ ಬಂದ 265 ಅಶ್ವಶಕ್ತಿಯದು, ಈ ಮೂರರಲ್ಲಿ ಅತ್ಯುತ್ತಮ ಎಂಜಿನ್ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಆ ಎಂಜಿನ್ನಿಗೆ ತಕ್ಕ ಸ್ಟೀರಿಂಗ್ ಅದಕ್ಕಿಲ್ಲ. ಉಳಿದೆರಡರಲ್ಲಿ ಹೈಡ್ರಾಲಿಕ್ ನೆರವು ಇದ್ದರೆ ಇದರಲ್ಲಿ ವಿದ್ಯುತ್ ಮೋಟಾರು, ನಡುವಿನ ಸ್ಥಾನದಲ್ಲಿ ಅದು ಅಂಟಿದಂತೆ ಭಾಸವಾಗುತ್ತದೆ. ಗಾಳಿ ಹೋದರೂ ಓಡಬಲ್ಲ ಗಡಸು ಟೈರುಗಳು ಸೇರಿದರೆ ಬೆನ್ನಿಗೂ ಕೆಲಸ. ಆ ಟೈರು ತೆಗೆದು ಸಾಧಾರಣ ಟೈರು ಹಾಕಿದ ಮೇಲೆ ಗೆಳೆಯನ ಕಾರು ಬೇರೆಯದೇ ಕಾರಾಯಿತು.

ಸಾಮಾನಿನ ಜಾಗದಲ್ಲಿ ಬಾಕ್ಸ್‌ಸ್ಟರ್ ಅಚ್ಚರಿ ಹುಟ್ಟಿಸುತ್ತದೆ: ಮುಂದೊಂದು ಹಿಂದೊಂದು ಡಿಕ್ಕಿ ಸೇರಿ 280 ಲೀಟರ್. ಮಾಜ್ದಾದ 150 ಲೀಟರಿನಲ್ಲಿ ಇಬ್ಬರ ವಾರಾಂತ್ಯದ ಬಟ್ಟೆಯಷ್ಟೇ, ಊರಿನಿಂದ ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತರುವ ಮಾತು ದೂರ.

ಇನ್ನು ದುರಸ್ತಿ. ಹಣವೂ ನಿದ್ದೆಯೂ ಹೋಗುವುದು ಇಲ್ಲಿಯೇ. ಅಪಾರ್ಟ್‌ಮೆಂಟಿನಲ್ಲಿ ವಾಸಿಸುವವರು ರಸ್ತೆಬದಿಯಲ್ಲಿ ಎಣ್ಣೆ ಬದಲಿಸುವಂತಿಲ್ಲ, ಆದರೆ ಜರ್ಮನಿಯ ಅನೇಕ ಊರುಗಳಲ್ಲಿ ಕಾರನ್ನು ಮೇಲೆತ್ತುವ ಲಿಫ್ಟನ್ನೂ ಸಲಕರಣೆಗಳನ್ನೂ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸ್ವಯಂಸೇವಾ ವರ್ಕ್‌ಶಾಪುಗಳಿವೆ. ಮಾಜ್ದಾಗೂ ಇಂತಹ ವರ್ಕ್‌ಶಾಪಿಗೂ ಹೇಳಿ ಮಾಡಿಸಿದ ಜೋಡಿ. ಬಾನೆಟ್ ಎತ್ತಿದರೆ ಎಂಜಿನ್ ಪೂರ್ತಿ ಕಾಣುತ್ತದೆ, ಕೈಗೆ ಎಟುಕುತ್ತದೆ; ಕಾಲಕಾಲಕ್ಕೆ ಬದಲಿಸಬೇಕಾದ ಟೈಮಿಂಗ್ ಬೆಲ್ಟಿನ ಬದಲು ಚೈನಿದೆ; ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್, ಎಣ್ಣೆ ಎಲ್ಲವನ್ನೂ ಯಂತ್ರಗಳ ಬಗ್ಗೆ ಸ್ವಲ್ಪ ಆಸಕ್ತಿಯಿರುವ ಯಾರೂ ಕಲಿತು ಮಾಡಬಹುದು. ಅದರ ಶತ್ರು ತುಕ್ಕು. ಚಳಿಗಾಲದಲ್ಲಿ ಇಲ್ಲಿಯ ರಸ್ತೆಗಳಿಗೆ ಸುರಿಯುವ ಉಪ್ಪು ಹಿಂದಿನ ಚಕ್ರದ ಕಮಾನುಗಳನ್ನೂ ತಳಭಾಗದ ಕಬ್ಬಿಣವನ್ನೂ ತಿನ್ನುತ್ತದೆ, ಓಡದೆ ನಿಂತ ಕಾರುಗಳಲ್ಲಿ ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರುಗಳು ಹಿಡಿದುಕೊಳ್ಳುತ್ತವೆ. ಆದ್ದರಿಂದ ಹೊಳೆಯುವ ಬಣ್ಣಕ್ಕೆ ಮರುಳಾಗದೆ ಕಾರನ್ನು ಲಿಫ್ಟಿನ ಮೇಲೆ ನೋಡಬೇಕು, ಸದಾ ಋತುಮಾನದ ಪ್ಲೇಟಿನಲ್ಲೇ ಇದ್ದ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಝೆಡ್4ರ ವಿಷಯದಲ್ಲಿ ಎಲ್ಲರೂ ಎಂಜಿನ್ನನ್ನು ಕೇಳಿ ಛಾವಣಿಯನ್ನು ಮರೆಯುತ್ತಾರೆ. ಬಟ್ಟೆಯ ಛಾವಣಿಯನ್ನು ಎತ್ತಿಳಿಸುವ ಹೈಡ್ರಾಲಿಕ್ ಪಂಪಿನ ಮೋಟಾರು ಹಿಂಭಾಗದ ಒಂದು ಮೂಲೆಯ ಗುಂಡಿಯಲ್ಲಿದೆ, ಮಳೆನೀರು ಹರಿದುಹೋಗುವ ಕೊಳವೆ ಎಲೆಕಸದಿಂದ ಕಟ್ಟಿಕೊಂಡರೆ ನೀರು ತುಂಬುವುದು ಅದೇ ಗುಂಡಿಯಲ್ಲಿ. ಈ ಮಾದರಿಯ ಪರಿಚಯವಿರುವ ಯಾರನ್ನು ಕೇಳಿದರೂ ಮೊದಲು ಹೇಳುವ ಮಾತಿದು. ಪರೀಕ್ಷೆಗೆ ಹೋದಾಗ ಛಾವಣಿಯನ್ನು ಹಲವು ಬಾರಿ ತೆರೆದು ಮುಚ್ಚಿಸಬೇಕು, ಪಂಪು ನರಳುವ ಸದ್ದಿಗೆ ಕಿವಿಗೊಡಬೇಕು, ಕಾರ್ಪೆಟ್ಟಿನ ಕೆಳಗೆ ಕೈಯಾಡಿಸಿ ತೇವ ನೋಡಬೇಕು. ಎಂಜಿನ್ನಿನಲ್ಲಿ 2006ಕ್ಕೆ ಮೊದಲಿನದು ಎಣ್ಣೆ ಕುಡಿಯುವುದಕ್ಕೂ ಪ್ಲಾಸ್ಟಿಕ್ಕಿನ ಕೂಲಿಂಗ್ ಭಾಗಗಳಿಗೂ ಹೆಸರಾದದ್ದು. ನಂತರದ್ದು ಮೆಗ್ನೀಸಿಯಂ ಮಿಶ್ರಿತ ಹಗುರ ಬ್ಲಾಕಿನದು, ಅದರಲ್ಲಿ ವಿದ್ಯುತ್ ಚಾಲಿತ ವಾಟರ್ ಪಂಪು ಎಂದಾದರೂ ಒಂದು ದಿನ ಮುನ್ಸೂಚನೆಯಿಲ್ಲದೆ ನಿಲ್ಲುತ್ತದೆ ಎಂದೇ ತಿಳಿದು ಹಣ ತೆಗೆದಿಡಬೇಕು. ಅದರ ಅಲ್ಯೂಮಿನಿಯಂ ಬೋಲ್ಟುಗಳು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸುವಂಥವಲ್ಲ, ಸ್ವಯಂಸೇವಾ ವರ್ಕ್‌ಶಾಪಿನ ಉತ್ಸಾಹಿಗಳು ಎಡವುವುದು ಇಲ್ಲಿ.

ಬಾಕ್ಸ್‌ಸ್ಟರಿನ ಹೆಸರೆತ್ತಿದೊಡನೆ ಕೇಳಿಬರುವುದು ಮಧ್ಯಂತರ ಶಾಫ್ಟಿನ ಬೇರಿಂಗಿನ ಕಥೆ. ಎಂಜಿನ್ನಿನೊಳಗೆ, ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟುಗಳಿಗೆ ಚಾಲನೆ ಒದಗಿಸುವ ಈ ಶಾಫ್ಟಿನ ತುದಿಯ ಬೇರಿಂಗ್ ಒಡೆದರೆ ಎಂಜಿನ್ನೇ ಹೋಗುತ್ತದೆ. ಭಯಕ್ಕೆ ಆಧಾರವಿದೆ, ಆದರೆ ಎಲ್ಲ ವರ್ಷದ ಕಾರುಗಳಿಗೂ ಅದು ಸಮನಾಗಿ ಅನ್ವಯಿಸುವುದಿಲ್ಲ. ಹೆಚ್ಚು ದೂರು ಇರುವುದು 2000ದಿಂದ 2005ರ ನಡುವಿನ ಒಂಟಿ ಸಾಲಿನ ಸಣ್ಣ ಬೇರಿಂಗಿನ ಬಗ್ಗೆ. ಅದನ್ನು ಕ್ಲಚ್ ಬದಲಿಸುವಾಗಲೇ ಬದಲಿಸಬಹುದು. ಆಮೇಲಿನ ದೊಡ್ಡ ಬೇರಿಂಗ್ ಒಡೆಯುವುದು ವಿರಳ, ಆದರೆ ಎಂಜಿನ್ ಬಿಚ್ಚದೆ ಅದನ್ನು ಹೊರತೆಗೆಯಲಾಗದು. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ, ಬೆಲೆಯಲ್ಲಿ ಕಾಣುವ ದೊಡ್ಡ ಜಿಗಿತಕ್ಕೆ ಇದೂ ಒಂದು ಕಾರಣ. ಕೊಳ್ಳುವ ಮೊದಲು ಮಾರಾಟಗಾರನ ಒಪ್ಪಿಗೆಯಿಂದ ಎಣ್ಣೆಯ ಫಿಲ್ಟರನ್ನು ತೆಗೆಸಿ, ಅದರ ಮಡಿಕೆಗಳಲ್ಲಿ ಲೋಹದ ಚೂರು ಇದೆಯೇ ಎಂದು ನೋಡುವುದೂ, ಸಿಲಿಂಡರಿನ ಗೋಡೆಗಳನ್ನು ಎಂಡೊಸ್ಕೋಪಿನಿಂದ ಪರೀಕ್ಷಿಸುವುದೂ ತಕ್ಕ ಎಚ್ಚರಿಕೆ. ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಹೊರಟುಬಿಡಬೇಕು.

ನನ್ನ ಅನುಭವದಲ್ಲಿ ಬೇರಿಂಗಿಗಿಂತ ಹೆಚ್ಚು ಗಮನ ಬೇಡುವುದು ಸಣ್ಣ ಸಂಗತಿಗಳು. ಮುಂದಿನ ಬಂಪರಿನ ಎರಡೂ ಬದಿಯ ರೇಡಿಯೇಟರುಗಳಲ್ಲಿ ಸೇರುವ ಎಲೆಗಳನ್ನು ಪ್ರತಿ ಶರತ್ಕಾಲದಲ್ಲಿ ತೆಗೆಯದಿದ್ದರೆ ಅವು ಕೊಳೆತು ಲೋಹವನ್ನೂ ಕೊಳೆಸುತ್ತವೆ. ಎಣ್ಣೆ ಬದಲಿಸಲು ಎಂಟು ಲೀಟರಿನಷ್ಟು ಬೇಕು, ಮಾಜ್ದಾದ ಸರಿಸುಮಾರು ಎರಡರಷ್ಟು. ಎಂಜಿನ್ ನೋಡಬೇಕೆಂದರೆ ಛಾವಣಿಯನ್ನು ಅರ್ಧಕ್ಕೆ ನಿಲ್ಲಿಸಿ ಸೀಟಿನ ಹಿಂದಿನ ಮುಚ್ಚಳ ತೆಗೆಯಬೇಕು, ಮುಖ್ಯ ಕೆಲಸವೆಲ್ಲ ಕೆಳಗಿನಿಂದ. ಇದು ಮನೆಯಲ್ಲಿ ಕಲಿಯುವ ಕಾರಲ್ಲ; ಅಧಿಕೃತ ಕೇಂದ್ರದ ಗಂಟೆಯ ದರ ಕೊಡಲಾಗದವರಿಗೆ ಈ ಮಾದರಿಯಲ್ಲೇ ಕೈ ಪಳಗಿದ ಸ್ವತಂತ್ರ ಮೆಕ್ಯಾನಿಕ್ ಸಿಗಬೇಕು. ಸ್ಟುಟ್‌ಗಾರ್ಟ್ ಸುತ್ತ ಅಂಥವರು ಸಿಗುತ್ತಾರೆ. ಬೇರೆ ಊರಿನಲ್ಲಿದ್ದಿದ್ದರೆ ನಾನು ಈ ಕಾರು ಕೊಳ್ಳುತ್ತಿರಲಿಲ್ಲ.

ಕಡ್ಡಾಯ ತಪಾಸಣೆಯ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ನಂಬಿಕೆ ಇದೆ. ಜನ ಟ್ಯೂಫ್ ಎಂದೇ ಕರೆಯುವ ಎರಡು ವರ್ಷಕ್ಕೊಮ್ಮೆಯ ಪರೀಕ್ಷೆಯಲ್ಲಿ ಕಾರು ಉತ್ತೀರ್ಣವಾಗಿದೆ ಎಂದರೆ ಬ್ರೇಕು, ದೀಪ, ಹೊಗೆ, ಚಾಸಿಗಳ ಸುರಕ್ಷತೆ ಅಂದಿಗೆ ಸರಿಯಿತ್ತು ಎಂದಷ್ಟೇ ಅರ್ಥ. ಬೇರಿಂಗು, ಛಾವಣಿಯ ಪಂಪು, ಕ್ಲಚ್ಚಿನ ಆಯುಸ್ಸು ಅದರ ವ್ಯಾಪ್ತಿಯಲ್ಲಿಲ್ಲ. ಅದಕ್ಕೆ ಪ್ರತ್ಯೇಕ ಖರೀದಿ ತಪಾಸಣೆಯನ್ನು ಹಣ ಕೊಟ್ಟು ಮಾಡಿಸಬೇಕು. ಹಿಂದಿನ ಮಾಲೀಕರು ಹಾಕಿಸಿದ ಚಕ್ರ, ಸೈಲೆನ್ಸರ್, ಸ್ಪ್ರಿಂಗುಗಳಿಗೆ ಅನುಮತಿಪತ್ರ ಇಲ್ಲವೇ ದಾಖಲೆಯಲ್ಲಿ ನಮೂದು ಇದೆಯೇ ಎಂದೂ ನೋಡಬೇಕು, ಇಲ್ಲದಿದ್ದರೆ ಕಾರಿನ ರಸ್ತೆ ಅನುಮತಿಯೇ ರದ್ದಾಗಬಹುದು. ಈ ವಿಷಯದಲ್ಲಿ ಅತಿ ಹೆಚ್ಚು ಸಂಶಯದಿಂದ ನೋಡಬೇಕಾದದ್ದು ಮಾಜ್ದಾವನ್ನು, ಅಗ್ಗದ ಕಾರಾದ್ದರಿಂದ ಅದರ ಮೇಲೆ ಪ್ರಯೋಗ ಮಾಡಿದವರು ಹೆಚ್ಚು. ಟೈರುಗಳ ಪಕ್ಕದಲ್ಲಿ ತಯಾರಿಕೆಯ ವಾರ ಮತ್ತು ವರ್ಷವನ್ನು ನಾಲ್ಕು ಅಂಕೆಗಳಲ್ಲಿ ಬರೆದಿರುತ್ತದೆ. ಗ್ಯಾರೇಜಿನಲ್ಲೇ ಬಾಳಿದ ಕಾರುಗಳಲ್ಲಿ ಟೈರಿನ ಗೆರೆ ಆಳವಾಗಿದ್ದರೂ ರಬ್ಬರು ಕಲ್ಲಾಗಿರುತ್ತದೆ.

ಇಲ್ಲಿ ಎರಡು ಮೂರು ವರ್ಷಕ್ಕೆಂದು ಬಂದವರು, ಮುಂದೇನು ಎಂದು ತಿಳಿಯದವರು ಮಾಜ್ದಾ ಕೊಳ್ಳಲಿ. ಅದರ ಕೊಳ್ಳುಗರ ಬಳಗ ದೊಡ್ಡದು, ಹೊಸದಾಗಿ ಪರವಾನಗಿ ಪಡೆದವರಿಂದ ಹಿಡಿದು ನಿವೃತ್ತರವರೆಗೆ. ಕಾಯಂ ವಾಸದ ಪರವಾನಗಿ ಕೈಗೆ ಬಂದು, ಗ್ಯಾರೇಜೂ ಮೆಕ್ಯಾನಿಕ್ಕೂ ಸಿಕ್ಕಿದ್ದರೆ ಬಾಕ್ಸ್‌ಸ್ಟರ್. ಝೆಡ್4 ಎಂಜಿನ್ನಿನ ಮೋಹ ಇರುವವರಿಗೆ, ಅದೂ ಛಾವಣಿ ಒಣಗಿದ್ದರೆ ಮಾತ್ರ. ಮಾರುವಾಗ ಕೊಳ್ಳುಗನೂ ಅದೇ ಪಂಪಿನ ಪ್ರಶ್ನೆಯೊಂದಿಗೆ ಬರುತ್ತಾನೆ ಎಂಬುದು ನೆನಪಿರಲಿ.

ಮಾರುವ ಕಾಲದ ಬಗ್ಗೆ ಇನ್ನೊಂದು ವಿಚಾರ. ನವೆಂಬರಿನಲ್ಲಿ ಇಂತಹ ಕಾರುಗಳ ಬೇಡಿಕೆ ಕುಸಿಯುತ್ತದೆ, ಏಪ್ರಿಲ್ ಹತ್ತಿರವಾದಂತೆ ಏರುತ್ತದೆ. ಆದರೆ ಋತುಮಾನದ ಪ್ಲೇಟಿನ ಕಾರನ್ನು ನವೆಂಬರಿನಲ್ಲಿ ರಸ್ತೆಗಿಳಿಸಿ ಪರೀಕ್ಷಿಸುವಂತಿಲ್ಲ. ಐದು ದಿನಗಳ ತಾತ್ಕಾಲಿಕ ಪ್ಲೇಟ್ ಪಡೆಯಬಹುದು, ಅದಕ್ಕೂ ಕಾರಿನ ತಪಾಸಣೆಯ ಅವಧಿ ಮುಗಿದಿರಬಾರದು. ಹೀಗಾಗಿ ಚಳಿಗಾಲದಲ್ಲಿ ಕೊಳ್ಳುವವರಿಗೆ ಚೌಕಾಶಿಯ ಬಲವಿದೆ, ಕೆಲಸ ಬಿಟ್ಟು ಡಿಸೆಂಬರಿನಲ್ಲಿ ಊರಿಗೆ ಹೊರಟವರಿಗೆ ಅದಿಲ್ಲ. ವಾಪಸಾತಿಯ ಸುಳಿವು ಸಿಕ್ಕಿದ ಕೂಡಲೇ, ಬೇಸಿಗೆ ಮುಗಿಯುವುದರೊಳಗೆ, ಹೊಸ ತಪಾಸಣೆ ಮಾಡಿಸಿ ಮಾರಾಟಕ್ಕಿಡುವುದು ಲೇಸು. ಸಾಧ್ಯವಾದರೆ ನೋಂದಣಿಯನ್ನು ರದ್ದು ಮಾಡಿಸಿದ ಮೇಲೆಯೇ ಕಾರನ್ನು ಒಪ್ಪಿಸಬೇಕು. ಇಲ್ಲವಾದರೆ ಒಪ್ಪಂದದಲ್ಲಿ ಹಸ್ತಾಂತರದ ದಿನಾಂಕ ಮತ್ತು ಗಂಟೆಯನ್ನು ಬರೆಸಿ, ಅದರ ಪ್ರತಿಯನ್ನು ನೋಂದಣಿ ಕಚೇರಿಗೂ ವಿಮಾ ಕಂಪನಿಗೂ ಅಂದೇ ಕಳುಹಿಸಬೇಕು.