ಬಾಖ್‌ಗೆ ಡ್ರಮ್ಸ್, ಮೊರಾಲೆಸ್‌ಗೆ ಸ್ಯಾಕ್ಸೊಫೋನ್: ಮೂರು ಆಲ್ಬಂ ಕೇಳಿ ನೋಡಿದೆ

ಯುರೋಪಿನ ಹಳೇ ಸಂಗೀತ ಜಾಝ್‌ನವರ ಕೈಗೆ ಸಿಕ್ಕರೆ ಏನಾಗುತ್ತದೆ? ಒಂದು ತಿಂಗಳಿಂದ ಮೂರು ಆಲ್ಬಂಗಳನ್ನು ಸರದಿ ಮೇಲೆ ಕೇಳುತ್ತಿದ್ದೇನೆ. ಅಡುಗೆಮನೆಯ ಸ್ಪೀಕರ್‌ನಲ್ಲಿ ಒಮ್ಮೆ, ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ.

ಮೊದಲು ಜಾಕ್ ಲೂಸಿಯೆ. ಈ ಫ್ರೆಂಚ್ ಪಿಯಾನಿಸ್ಟ್ 18ನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಕೃತಿಗಳನ್ನು ಜಾಝ್ ಆಗಿ ನುಡಿಸುವ ‘ಪ್ಲೇ ಬಾಖ್’ ಅನ್ನು 1959ರಲ್ಲಿ ಶುರು ಮಾಡಿದರು. ಬೇಸ್‌ಗೆ ಪಿಯೇರ್ ಮಿಶ್ಲೋ, ಡ್ರಮ್ಸ್‌ಗೆ ಕ್ರಿಸ್ತಿಯಾನ್ ಗಾರೋಸ್. ಪಿಯಾನೊ ಕಲಿಯುವ ಮಕ್ಕಳೂ ನುಡಿಸುವ ಬಾಖ್‌ನ ಸಿ ಮೇಜರ್ ಪ್ರೆಲ್ಯೂಡ್ ಇವರ ಕೈಯಲ್ಲಿ ಸ್ವಿಂಗ್ ಆಗುತ್ತದೆ, ಅಂದರೆ ಜಾಝ್‌ನ ತೂಗಾಡುವ ಲಯಕ್ಕೆ ಬೀಳುತ್ತದೆ. ಪಾತ್ರೆ ತೊಳೆಯುವಾಗ ಇದಕ್ಕಿಂತ ಒಳ್ಳೇ ಜೊತೆ ಬೇಕಾ? ಹೆಡ್‌ಫೋನ್‌ನಲ್ಲಿ ಮಾತ್ರ ಹುಳುಕು ಕಾಣಿಸಿತು. ಬಾಖ್ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಒಂದೇ ರಾಗವನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿದು ಹೆಣೆಯುವ ಫ್ಯೂಗ್‌ನಲ್ಲಂತೂ ಸೂಜಿ ತೂರಿಸಲೂ ಜಾಗವಿಲ್ಲ. ಲೂಸಿಯೆ ತಮ್ಮದೇನಾದರೂ ಹೇಳಬೇಕಾದರೆ ಅವನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು. ಅಷ್ಟು ಹೊತ್ತೂ ಕೇಳಿಸುವುದು ಸಾಧಾರಣ ಜಾಝ್.

ಎರಡನೆಯದು 1994ರ ‘ಒಫಿಸಿಯಂ’. ನಾರ್ವೆಯ ಯಾನ್ ಗಾರ್ಬಾರೆಕ್ ಅವರ ಸ್ಯಾಕ್ಸೊಫೋನ್, ಇಂಗ್ಲೆಂಡಿನ ಹಿಲಿಯರ್ಡ್ ಎನ್ಸೆಂಬಲ್‌ನ ನಾಲ್ವರು ಗಾಯಕರು. ರೆಕಾರ್ಡ್ ಮಾಡಿದ್ದು ಆಸ್ಟ್ರಿಯಾದ ಒಂದು ಹಳೇ ಮಠದಲ್ಲಿ. ಶುರುವಾಗುವುದು 16ನೇ ಶತಮಾನದ ಸ್ಪೇನಿನ ಕ್ರಿಸ್ಟೊಬಾಲ್ ದೆ ಮೊರಾಲೆಸ್‌ನ ‘ಪಾರ್ಚೆ ಮಿಹಿ ದೋಮಿನೆ’ಯಿಂದ. ಸತ್ತವರಿಗಾಗಿ ಮಾಡುವ ಪ್ರಾರ್ಥನೆ ಅದು, ಮಾತು ಬೈಬಲಿನ ಯೋಬನದು. ನಾಲ್ಕೂ ದನಿ ಒಟ್ಟಿಗೆ ಒಂದು ಸಾಲು ಹೇಳಿ ನಿಲ್ಲುತ್ತವೆ. ಅದು ಗೋಡೆಗೆ ತಾಗಿ ಕರಗುತ್ತಿರುವಾಗ ಸ್ಯಾಕ್ಸೊಫೋನ್ ಸಂದಿಯಲ್ಲಿ ತೂರಿಕೊಳ್ಳುತ್ತದೆ, ತಡವಾಗಿ ಬಂದ ಐದನೇ ಗಾಯಕನ ಹಾಗೆ. ಡ್ರಮ್ಸ್ ಇಲ್ಲ, ಸ್ವಿಂಗ್ ಇಲ್ಲ. ‘ಇದೂ ಜಾಝೇನಾ?’ ಅಂತ ಮನೆಯಲ್ಲಿ ಕೇಳಿದರು. ಸುಮ್ನೆ ತಲೆಯಾಡಿಸಿದೆ. ಆದರೆ ಅಡುಗೆಮನೆಯಲ್ಲಿ ಇದು ಪೂರ್ತಿ ಸೋತಿತು. ನಲ್ಲಿ ತಿರುಗಿಸಿದರೆ ಆ ಮೌನವೇ ಕೊಚ್ಚಿಹೋಗುತ್ತದೆ. ರಾತ್ರಿಯಲ್ಲೂ ನಾಲ್ಕೈದು ಟ್ರ್ಯಾಕ್ ಆದ ಮೇಲೆ ನನಗೆ ಎಲ್ಲ ಒಂದೇ ಥರ ಕೇಳಿಸತೊಡಗಿತು.

ಮೂರನೆಯದು ಕ್ರಿಸ್ಟಿನಾ ಪ್ಲುಹಾರ್ ಅವರ ಲಾರ್ಪೆಜ್ಜಾಟಾ ತಂಡದ ‘ಮ್ಯೂಸಿಕ್ ಫಾರ್ ಎ ವೈಲ್’, 2014ರದು. ಇಂಗ್ಲೆಂಡಿನ ಹೆನ್ರಿ ಪರ್ಸೆಲ್ ನಾಟಕವೊಂದಕ್ಕೆ 1692ರಲ್ಲಿ ಕಟ್ಟಿದ ಹಾಡೇ ಆಲ್ಬಂಗೂ ಹೆಸರು. ಕೆಳಗೆ ಮೂರೇ ಬಾರ್‌ನ, ನಮ್ಮ ಲೆಕ್ಕದಲ್ಲಿ ಮೂರು ಆವರ್ತದಷ್ಟು ಪುಟ್ಟ, ಒಂದು ಬೇಸ್ ಸಾಲು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಅನ್ನುವ ಹಾಗೆ ಮೆಟ್ಟಿಲು ಹತ್ತುತ್ತದೆ, ಮತ್ತೆ ಮೊದಲಿಂದ ಶುರು. ಮೇಲೆ ಫಿಲಿಪ್ ಜರೂಸ್ಕಿ ಹಾಡುತ್ತಾರೆ. ನಮ್ಮ ಸಂಗೀತ ಕಚೇರಿಯಲ್ಲಿ ಒಂದೇ ಸಾಲು ಹಿಡಿದು ನೆರವಲ್ ಮಾಡುವುದನ್ನು ಕೇಳಿದ ಕಿವಿಗೆ ಇದು ಹೊಸದೇನಲ್ಲ, ಅಲ್ವಾ? ಪರ್ಸೆಲ್ ಕಾಲದಲ್ಲಿ ಪಕ್ಕವಾದ್ಯ ನುಡಿಸುವವರಿಗೆ ಸಿಗುತ್ತಿದ್ದದ್ದು ಬೇಸ್ ಸಾಲು, ಜೊತೆಗೆ ಮೇಲೆ ಯಾವ ಸ್ವರ ಸೇರಿಸಬೇಕು ಅನ್ನುವ ಒಂದಿಷ್ಟು ಅಂಕಿಗಳು. ಮಿಕ್ಕಿದ್ದನ್ನು ಅಲ್ಲೇ ಕೂತು ತುಂಬಿಸಬೇಕಿತ್ತು. ಜಾಝ್‌ನವನ ಕೈಗೆ ರಾಗದ ಸಾಲು, ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹೆಸರು ಬರುತ್ತದೆ. ಕೆಲಸ ಅದೇ. ಅದಕ್ಕೇ ಜಾಝ್ ವಾದಕ ಜಾನ್‌ಲುಯಿಜಿ ತ್ರೊವೇಸಿಯ ಕ್ಲಾರಿನೆಟ್ ಇಲ್ಲಿ ನೆಂಟರ ಹಾಗಿಲ್ಲ, ಮನೆಯವರ ಹಾಗಿದೆ. ಜಾಗ ಮಾಡಿಕೊಡಲು ಪರ್ಸೆಲ್ ಏಳಬೇಕಾಗಿಯೂ ಇಲ್ಲ.

ನಲ್ಲಿ ಸದ್ದಿನಲ್ಲೂ ಆ ಬೇಸ್ ಕೇಳಿಸುತ್ತದೆ. ಒಂದೇ ಆಲ್ಬಂ ಇಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ತಕರಾರು ಒಂದೇ: ಕೊನೆಗೆ ಲೆನರ್ಡ್ ಕೋಹೆನ್‌ನ 1984ರ ಹಾಡು ‘ಹಲೆಲೂಯ’ವನ್ನು ಯಾಕೆ ತುರುಕಿದರೋ. ಅಲ್ಲಿಗೆ ಬರುವ ಮೊದಲೇ ನಿಲ್ಲಿಸಿಬಿಡುತ್ತೇನೆ.