ಎವರ್‌ಗ್ಲೇಡ್ಸ್‌ಗೆ ಹೋಗುವವರು ಕೋಣೆಗಿಂತ ಮೊದಲು ಬಾಗಿಲನ್ನು ಗೊತ್ತುಮಾಡಿಕೊಳ್ಳಿ

ಫ್ಲೋರಿಡಾದ ದಕ್ಷಿಣ ತುದಿಯಲ್ಲಿರುವ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಕಳೆದ ಜುಲೈನಲ್ಲಿ ನಾವು ನಾಲ್ವರು ಹೋಗಿದ್ದೆವು. ಮೂರು ದಿನಗಳ ಆ ಪ್ರವಾಸದಲ್ಲಿ ಉದ್ಯಾನದೊಳಗೆ ಕಳೆದದ್ದಕ್ಕಿಂತ ಹೆಚ್ಚಿನ ಹೊತ್ತು ಕಾರಿನೊಳಗೆ ಕಳೆಯಿತು. ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಉಳಿದರ್ಧ, ಕೋಣೆಯನ್ನೂ ದೋಣಿ ಸವಾರಿಯನ್ನೂ ಒಂದೇ ಕಟ್ಟಿನಲ್ಲಿ ನಮಗೆ ಮಾರಿದವರದು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಂಥದೇ ಜಾಹೀರಾತು ನಿಮ್ಮ ಕಣ್ಣಿಗೂ ಬೀಳಬಹುದೆಂಬ ಕಾರಣಕ್ಕೆ ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಅಪ್ಪ ಅಮ್ಮ ಭಾರತದಿಂದ ಬಂದಿದ್ದರು, ಆಗಸ್ಟ್‌ನಲ್ಲಿ ಹಿಂದಿರುಗುವವರಿದ್ದರು. ಹೀಗಾಗಿ ಜುಲೈ ಬಿಟ್ಟರೆ ಬೇರೆ ತಿಂಗಳು ನಮಗಿರಲಿಲ್ಲ. ಫ್ಲಮಿಂಗೊದಲ್ಲಿ ದೋಣಿ ವಿಹಾರ, ಶಾರ್ಕ್ ವ್ಯಾಲಿಯಲ್ಲಿ ಟ್ರಾಮ್ ಸವಾರಿ, ನಡುವೆ ರಾಯಲ್ ಪಾಮ್ ಬಳಿಯ ಅನ್ಹಿಂಗಾ ಕಾಲುದಾರಿ, ಇಷ್ಟು ನೋಡಬೇಕೆಂದು ಗೊತ್ತುಮಾಡಿಕೊಂಡು, ‘ಉದ್ಯಾನದ ಹೊಸ್ತಿಲಲ್ಲೇ’ ಎಂಬ ಜಾಹೀರಾತನ್ನು ನಂಬಿ ಎವರ್‌ಗ್ಲೇಡ್ಸ್ ಸಿಟಿ ಎಂಬ ಪುಟ್ಟ ಊರಿನಲ್ಲಿ ಮೂರು ರಾತ್ರಿಗೆ ಕೋಣೆ ಕಾಯ್ದಿರಿಸಿದೆ. ಜಾಹೀರಾತು ಸುಳ್ಳು ಹೇಳಿರಲಿಲ್ಲ. ಆ ಊರು ನಿಜಕ್ಕೂ ಉದ್ಯಾನದ ಹೊಸ್ತಿಲಲ್ಲೇ ಇದೆ, ಆದರೆ ಆ ಹೊಸ್ತಿಲು ನಮಗೆ ಬೇಕಾದದ್ದಲ್ಲ.

ಎವರ್‌ಗ್ಲೇಡ್ಸ್ ಸುಮಾರು 15 ಲಕ್ಷ ಎಕರೆಗಳಷ್ಟು ವಿಸ್ತಾರವಾದ ಜೌಗು ನೆಲ. ಅದಕ್ಕೆ ಮುಖ್ಯವಾಗಿ ಮೂರು ಬಾಗಿಲುಗಳಿವೆ, ಮತ್ತು ಒಂದರಿಂದ ಇನ್ನೊಂದಕ್ಕೆ ಉದ್ಯಾನದ ಒಳಗಿನಿಂದ ಹೋಗುವ ಮೋಟಾರು ರಸ್ತೆಯೇ ಇಲ್ಲ. ಹೋಮ್‌ಸ್ಟೆಡ್ ಎಂಬ ಊರಿನ ಕಡೆಯಿರುವ ಬಾಗಿಲಿನಿಂದ 38 ಮೈಲಿಗಳ ಒಂದೇ ರಸ್ತೆ ದಕ್ಷಿಣಕ್ಕೆ ಫ್ಲಮಿಂಗೊದವರೆಗೆ ಹೋಗಿ ಕಡಲಂಚಿನಲ್ಲಿ ನಿಲ್ಲುತ್ತದೆ. ಶಾರ್ಕ್ ವ್ಯಾಲಿ ಇರುವುದು ಉತ್ತರದಲ್ಲಿ, ಟಮಯಾಮಿ ಟ್ರೇಲ್ ಎಂದು ಕರೆಯುವ 41ನೇ ಹೆದ್ದಾರಿಯ ಪಕ್ಕದಲ್ಲಿ. ಮೂರನೆಯದು ವಾಯವ್ಯ ಮೂಲೆಯ ಎವರ್‌ಗ್ಲೇಡ್ಸ್ ಸಿಟಿ. ಅಲ್ಲಿಂದ ಒಳಗೆ ಹೋಗಲು ನೀರಿನ ದಾರಿಯೊಂದೇ. ಟೆನ್ ಥೌಸಂಡ್ ಐಲೆಂಡ್ಸ್ ಎಂಬ ಮ್ಯಾಂಗ್ರೋವ್ ದ್ವೀಪಗಳ ನಡುವೆ ದೋಣಿಯಲ್ಲೋ ಕಯಾಕಿನಲ್ಲೋ ಹೋಗಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಂಡಿ ನೋವಿನ ಎಪ್ಪತ್ತರ ಹಿರಿಯರನ್ನು ಫ್ಲಮಿಂಗೊಕ್ಕೆ ಕರೆದೊಯ್ಯಬೇಕಾದ ನಮಗೆ ಮಾತ್ರ ಅಲ್ಲಿಂದ ಹೋಗಲು ಎರಡೂವರೆ ಗಂಟೆ, ಬರಲು ಮತ್ತೆ ಅಷ್ಟೇ. ಎರಡನೆಯ ದಿನ ಹೋಮ್‌ಸ್ಟೆಡ್ ದಾಟಿ ಇನ್ನೂ ಒಂದು ಗಂಟೆ ಬಾಕಿಯಿದೆ ಎಂದು ತಿಳಿಸಿದಾಗ ಅಮ್ಮ, “ಏನಪ್ಪಾ, ನಾವು ಕಾಡು ನೋಡೋಕೆ ಬಂದಿದ್ದೀವೋ ರಸ್ತೆ ನೋಡೋಕೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ಫ್ಲಮಿಂಗೊ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ದಕ್ಷಿಣ ಫ್ಲೋರಿಡಾದ ಮಳೆಗಾಲ ಸುಮಾರಾಗಿ ಮೇ ತಿಂಗಳಿನಿಂದ ನವೆಂಬರ್‌ವರೆಗೆ. ಆ ದಿನಗಳಲ್ಲಿ ಗುಡುಗು ಸಿಡಿಲಿನ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಬೆಳಗಿನ ದೋಣಿ ನಮಗೆ ತಪ್ಪಿತ್ತು, ಮಧ್ಯಾಹ್ನದ್ದು ಸಿಡಿಲಿನಿಂದಾಗಿ ಹೊರಡಲಿಲ್ಲ. ಕಟ್ಟೆಯ ಬಳಿ ಮಲಗಿದ್ದ ಒಂದು ಕ್ರೊಕೊಡೈಲನ್ನು ನೋಡಿದ್ದಷ್ಟೇ ಲಾಭ. ಅಲಿಗೇಟರ್ ಮತ್ತು ಕ್ರೊಕೊಡೈಲ್ ಎಂಬ ಎರಡೂ ಬಗೆಯ ಮೊಸಳೆಗಳು ಒಂದೇ ನೆಲದಲ್ಲಿ ಸಹಜವಾಗಿ ಬದುಕುವುದು ದಕ್ಷಿಣ ಫ್ಲೋರಿಡಾದಲ್ಲಿ ಮಾತ್ರ ಎಂದು ಅಪ್ಪನಿಗೆ ವಿವರಿಸಲು ಹೊರಟೆ. ಸೊಳ್ಳೆಗಳು ವಾಕ್ಯ ಮುಗಿಸಲು ಬಿಡಲಿಲ್ಲ.

ಸೊಳ್ಳೆಗಳ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಫ್ಲಮಿಂಗೊದ ಕಡೆ ಕಾರಿನ ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ಹತ್ತಿಪ್ಪತ್ತು ಒಳಗೆ ಬಂದಿರುತ್ತವೆ. ಜೊತೆಗೆ ನೀರು ಎಲ್ಲೆಡೆ ಹರಡಿಕೊಂಡಿರುವುದರಿಂದ ಪ್ರಾಣಿಗಳೂ ಚದುರಿಹೋಗಿರುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ಕಾಲದಲ್ಲಿ ನೀರು ಇಂಗಿ, ಉಳಿದ ಕೆಲವೇ ಮಡುಗಳಲ್ಲಿ ಮೀನೂ, ಮೀನಿಗಾಗಿ ಹಕ್ಕಿಗಳೂ, ಅಲಿಗೇಟರ್‌ಗಳೂ ಒತ್ತಾಗಿ ಸೇರುತ್ತವೆ. ನಾವು ಚಿತ್ರಗಳಲ್ಲಿ ನೋಡಿ ಮರುಳಾದ ಅನ್ಹಿಂಗಾ ಕಾಲುದಾರಿ ಆ ಕಾಲದ್ದು. ಜುಲೈನಲ್ಲಿ ಅಲ್ಲಿ ನಮಗೆ ಕಂಡದ್ದು ಒಂದು ಆಮೆ, ಎರಡು ಕೊಕ್ಕರೆ ಮತ್ತು ಕಾರು ನಿಲ್ದಾಣದಲ್ಲಿ ಕರಿ ರಣಹದ್ದುಗಳು. ಅವು ಕಾರಿನ ರಬ್ಬರನ್ನು ಕಿತ್ತು ಹಾಕುತ್ತವೆ, ಟಾರ್ಪಾಲು ಹೊದಿಸಿರಿ ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ, ಹೊದಿಕೆಯನ್ನೂ ಒದಗಿಸುತ್ತಾರೆ. ಅರ್ಧ ಗಂಟೆಗೆ ಏಕೆಂದು ಬಿಟ್ಟೆ. ವೈಪರ್ ಪಟ್ಟಿಯನ್ನು ಕಳೆದುಕೊಂಡೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ.

ದೂರಬೇಕಾದದ್ದು ಏರ್‌ಬೋಟಿನ, ಅಂದರೆ ಹಿಂಬದಿಯ ದೊಡ್ಡ ಫ್ಯಾನಿನಿಂದ ಓಡುವ ಚಪ್ಪಟೆ ತಳದ ದೋಣಿಯ ಬಗ್ಗೆ. ಕೋಣೆಯ ಜೊತೆಗೆ ‘ಉದ್ಯಾನದೊಳಗಿನ ಏರ್‌ಬೋಟ್ ಸವಾರಿ’ ಎಂದು ನಾಲ್ವರ ಹಣವನ್ನು ಮೊದಲೇ ಕಟ್ಟಿಸಿಕೊಂಡಿದ್ದರು. ಉದ್ಯಾನದ ಬಹುಭಾಗದಲ್ಲಿ ಏರ್‌ಬೋಟಿಗೆ ಅವಕಾಶವೇ ಇಲ್ಲ. 1989ರಲ್ಲಿ ಸೇರಿಸಿಕೊಂಡ ಪೂರ್ವದ ಭಾಗದಲ್ಲಿ, ಟಮಯಾಮಿ ಟ್ರೇಲ್ ಬದಿಯಲ್ಲಿ, ಅನುಮತಿ ಪಡೆದ ಕೆಲವರು ಮಾತ್ರ ನಡೆಸುತ್ತಾರೆ. ನಮ್ಮನ್ನು ಕರೆದೊಯ್ದದ್ದು ಉದ್ಯಾನದ ಗಡಿಯ ಹೊರಗಿನ ಒಂದು ಕಾಲುವೆಗೆ. ಚಾಲಕ ಅಲ್ಲಿ ಮಾರ್ಷ್‌ಮೆಲೋ ಎಸೆದು ಅಲಿಗೇಟರ್‌ಗಳನ್ನು ದೋಣಿಯ ಬಳಿಗೆ ಕರೆಸಿದ. ಫ್ಲೋರಿಡಾದಲ್ಲಿ ಕಾಡು ಅಲಿಗೇಟರ್‌ಗೆ ತಿನ್ನಿಸುವುದು ಕಾನೂನುಬಾಹಿರ, ಏಕೆಂದರೆ ತಿನಿಸಿಗೆ ಒಗ್ಗಿದ ಪ್ರಾಣಿ ಮನುಷ್ಯರ ಭಯವನ್ನು ಕಳೆದುಕೊಳ್ಳುತ್ತದೆ. ಪ್ರಶ್ನಿಸಿದ್ದಕ್ಕೆ, “ಎಲ್ಲರೂ ಇದನ್ನೇ ನೋಡಲು ಬರುತ್ತಾರೆ” ಎಂಬ ಉತ್ತರ ಬಂತು.

ಕೋಣೆಯ ಕಥೆ ಚಿಕ್ಕದು. ಕಿಟಕಿಯ ಸೊಳ್ಳೆ ಪರದೆ ಎರಡು ಕಡೆ ಹರಿದಿತ್ತು, ಹಾಸಿಗೆಗೆ ಮುಗ್ಗಲು ವಾಸನೆಯಿತ್ತು, ಬೇರೆಡೆಗೆ ಹೋಗುತ್ತೇವೆಂದರೆ ಹಣ ಮರಳಿಸುವುದಿಲ್ಲವೆಂಬ ಷರತ್ತನ್ನು ಮುಂದಿಟ್ಟರು. ಷರತ್ತು ಅಲ್ಲಿತ್ತು, ದರ ಕಡಿಮೆಯೆಂದು ನಾನೇ ಒಪ್ಪಿದ್ದೆ.

ಫ್ಲಮಿಂಗೊ ನೋಡಬೇಕೆನ್ನುವವರು ಹೋಮ್‌ಸ್ಟೆಡ್ ಅಥವಾ ಪಕ್ಕದ ಫ್ಲೋರಿಡಾ ಸಿಟಿಯಲ್ಲಿ ಉಳಿದುಕೊಳ್ಳಬೇಕು, ಇಲ್ಲವೇ ಫ್ಲಮಿಂಗೊದಲ್ಲೇ. ಅಲ್ಲಿನ ಹಳೆಯ ವಸತಿಗೃಹ 2005ರ ಕತ್ರೀನಾ, ವಿಲ್ಮಾ ಚಂಡಮಾರುತಗಳಲ್ಲಿ ಹಾಳಾಗಿ, ಹೊಸದು 2023ರಲ್ಲಿ ತೆರೆಯಿತು. ಉದ್ಯಾನದೊಳಗೆ ಕೋಣೆಯೆಂಬುದು ಸಿಗುವುದು ಅಲ್ಲಿ ಮಾತ್ರ. ಇನ್ನೆಲ್ಲಾದರೂ ‘ಉದ್ಯಾನದೊಳಗೆ ಕೋಣೆ’ ಎಂದು ಬರೆದಿದ್ದರೆ ಹಣ ಕಟ್ಟುವ ಮೊದಲು ಭೂಪಟವನ್ನು ತೆರೆಯಿರಿ.

ಮೂರನೆಯ ದಿನ ಮಯಾಮಿಗೆ ಹಿಂದಿರುಗುವ ದಾರಿಯಲ್ಲೇ ಶಾರ್ಕ್ ವ್ಯಾಲಿ ಇದ್ದುದರಿಂದ ಟ್ರಾಮ್ ಸವಾರಿಯಾದರೂ ದಕ್ಕಿತು. 15 ಮೈಲಿಗಳ ಸುತ್ತು, ಎರಡು ಗಂಟೆ, ನೆರಳಿನಲ್ಲಿ ಕುಳಿತೇ ನೋಡಬಹುದು. ಹಿರಿಯರಿಗೆ ಅದಕ್ಕಿಂತ ಹಿತವಾದದ್ದು ಅಲ್ಲಿ ಇಲ್ಲ. ಅಪ್ಪ ಪ್ರವಾಸವಿಡೀ ಮೊದಲ ಬಾರಿಗೆ ಕ್ಯಾಮೆರಾ ಹೊರತೆಗೆದರು.

ಫ್ಲಮಿಂಗೊದಿಂದ ಮರಳುವ ಅವಸರದಲ್ಲಿ ಟರ್ನ್‌ಪೈಕ್ ಎಂಬ ಟೋಲ್ ಹೆದ್ದಾರಿ ಹಿಡಿದಿದ್ದೆವು. ಅಲ್ಲಿ ನಗದು ತೆಗೆದುಕೊಳ್ಳುವ ಟೋಲ್ ಕಟ್ಟೆಗಳಿಲ್ಲ, ಕ್ಯಾಮೆರಾ ಕಾರಿನ ಸಂಖ್ಯೆಯನ್ನು ಓದಿಕೊಳ್ಳುತ್ತದೆ. ಬಾಡಿಗೆ ಕಾರಿನವರು ಟೋಲಿನ ಮೇಲೆ ತಮ್ಮ ದಿನದ ಶುಲ್ಕವನ್ನೂ, ಅದರ ಕೆಳಗೆ ವೈಪರಿನ ಬೆಲೆಯನ್ನೂ ಸೇರಿಸಿ ಕಳಿಸಿದ ಬಿಲ್ಲು ಅಪ್ಪ ಅಮ್ಮ ವಿಮಾನ ಹತ್ತಿದ ವಾರಕ್ಕೆ ಬಂತು.