ಕ್ಯಾಸಿಯೋ ಸಿಟಿ-ಎಸ್300, ಝೂಮ್ ಎಚ್1ಎನ್, ನಡುವೆ ಒಂದು ವೈರು: ಬಹಳ ಕಾಲ ಬಳಸಿದ ಮೇಲೆ

ಕೆಲಸದ ಮೇಲೆ ಚಿಕ್ಕಮಗಳೂರಿನಿಂದ ಮೂಡಿಗೆರೆ, ಕಳಸ, ಸಕಲೇಶಪುರ ಅಂತ ಓಡಾಡುತ್ತಿರುತ್ತೇನೆ. ರಾತ್ರಿ ಲಾಡ್ಜಿನಲ್ಲೋ ಯಾರದೋ ತೋಟದ ಮನೆಯಲ್ಲೋ ಉಳಿಯುತ್ತೇನೆ. ಊಟ ಆದಮೇಲೆ ಸುಮ್ನೆ ಕೈಗೆ ಬಂದಿದ್ದನ್ನು ನುಡಿಸಿ ರೆಕಾರ್ಡ್ ಮಾಡುವುದು ನನ್ನ ಚಟ. ಅದಕ್ಕೆ ಇರುವುದು ಮೂರೇ ಸಾಮಾನು: ಕ್ಯಾಸಿಯೋ ಸಿಟಿ-ಎಸ್300 ಕೀಬೋರ್ಡ್, ಝೂಮ್ ಎಚ್1ಎನ್ ಅನ್ನುವ ಪುಟ್ಟ ರೆಕಾರ್ಡರ್, ಎರಡರ ನಡುವೆ ಒಂದು ವೈರು. ಜೊತೆಗೆ ಒಂದು ಇಯರ್‌ಫೋನ್.

ಇದನ್ನು ಆರಿಸಿದ್ದೇ ಸೆಲ್ ಮೇಲೆ ನಡೆಯುತ್ತದೆ ಅಂತ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಕಥೆ ಗೊತ್ತೇ ಇದೆಯಲ್ಲ. ಕೀಬೋರ್ಡಿಗೆ ಆರು ಎಎ ಸೆಲ್, ರೆಕಾರ್ಡರಿಗೆ ಎರಡು ಎಎಎ. ಅಡಾಪ್ಟರ್ ಇಲ್ಲದ್ದರಿಂದ ಹಳೇ ವೈರಿಂಗ್ ಇರುವ ಮನೆಗಳಲ್ಲಿ ಬರುವ ಆ ಗುಂಯ್ ಸದ್ದೂ ಇಲ್ಲ.

ಫೋನಲ್ಲೇ ಮಾಡಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಬಹುದು. ಆದರೆ ಫೋನಿನ ಮೈಕು ಹೆಂಚಿನ ಮೇಲೆ ಸುರಿಯುವ ಮಳೆ, ಜೀರುಂಡೆ, ಕೀ ಒತ್ತುವ ಟಕ್ ಟಕ್ ಎಲ್ಲವನ್ನೂ ಹಿಡಿಯುತ್ತದೆ. ವೈರು ಹಾಕೋಣ ಅಂದರೆ ಕೀಬೋರ್ಡಿನ ಸದ್ದನ್ನು ಫೋನಿಗೆ ದಾಟಿಸಲು ನಡುವೆ ಇಂಟರ್‌ಫೇಸ್ ಅನ್ನುವ ಇನ್ನೊಂದು ಪೆಟ್ಟಿಗೆ ಬೇಕು. ಇಷ್ಟೆಲ್ಲ ಮಾಡಿ ಕಲ್ಯಾಣಿ ರಾಗ ಒಂದು ಹದಕ್ಕೆ ಬಂತು ಅನ್ನುವಷ್ಟರಲ್ಲಿ ಯಾರದೋ ಕಾಲ್ ಬರುತ್ತದೆ.

ಇಲ್ಲಿ ಆ ರಗಳೆ ಇಲ್ಲ. ಕೀಬೋರ್ಡಿನ ಹೆಡ್‌ಫೋನ್ ತೂತಿನಿಂದ ರೆಕಾರ್ಡರಿನ ಲೈನ್ ಇನ್‌ಗೆ (ಹೊರಗಿನ ಸದ್ದನ್ನು ವೈರಿನಲ್ಲಿ ಒಳತರುವ ತೂತು) 3.5 ಎಂಎಂ ಸ್ಟೀರಿಯೋ ವೈರು, ಅಷ್ಟೇ. ವೈರು ಹಾಕಿದ ಕೂಡಲೇ ಕೀಬೋರ್ಡಿನ ಸ್ಪೀಕರ್ ಬಂದ್ ಆಗುತ್ತದೆ, ರೆಕಾರ್ಡರಿಗೆ ಇಯರ್‌ಫೋನ್ ಹಾಕಿ ಕೇಳುತ್ತೇನೆ. ಪಕ್ಕದ ರೂಮಿನವರಿಗೂ ನೆಮ್ಮದಿ. ಕೀಬೋರ್ಡ್ ವಾಲ್ಯೂಮ್ ಮುಕ್ಕಾಲು ಭಾಗ ಇಡಿ. ಜೋರಾಗಿ ನುಡಿಸಿದಾಗಲೂ ಮೀಟರ್ ಮೈನಸ್ 12 ಡೆಸಿಬಲ್ ಹತ್ತಿರವೇ ನಿಲ್ಲುವಂತೆ ರೆಕಾರ್ಡರಿನ ಡಯಲ್ ತಿರುಗಿಸಿ. ರೆಕಾರ್ಡಿಂಗ್ ಗುಣಮಟ್ಟವನ್ನು 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಟ್ಟರೆ ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. 32 ಜಿಬಿ ಕಾರ್ಡ್ ಧಾರಾಳ ಸಾಕು.

ಒಂದು ಕಿರಿಕಿರಿ ಇದೆ. ವೈರು ಹಾಕಿದರೆ ರೆಕಾರ್ಡರಿನ ಸ್ವಂತ ಮೈಕು ಕೆಲಸ ಮಾಡುವುದಿಲ್ಲ. 'ಇದು ಮೋಹನ, ಈ ಜಾಗ ಚೆನ್ನಾಗಿ ಬಂತು' ಅಂತ ನಡುವೆ ಬಾಯಲ್ಲಿ ಹೇಳಿಡುವ ಹಾಗಿಲ್ಲ. ಅದಕ್ಕೆ ಏನಾದರೂ ಒಳ್ಳೇದು ಬಂದ ತಕ್ಷಣ ಎಡತುದಿಯ ತೀರಾ ತಗ್ಗಿನ ಸ್ವರದ ಕೀಯನ್ನು ಮೂರು ಸಲ ಜೋರಾಗಿ ಗುದ್ದುತ್ತೇನೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ (ರೆಕಾರ್ಡಿಂಗ್ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್) ತೆರೆದರೆ ಅಲೆಗಳ ನಡುವೆ ಮೂರು ಗೂಟ ನೆಟ್ಟ ಹಾಗೆ ಕಾಣುತ್ತದೆ, ಅದರ ಹಿಂದಿನ ಎರಡು ನಿಮಿಷ ಕತ್ತರಿಸಿ ಇಟ್ಟುಕೊಂಡರೆ ಆಯಿತು. ಈ ಉಪಾಯ ಇಲ್ಲದಿದ್ದರೆ ಗಂಟೆಗಟ್ಟಲೆ ಕೂತು ಕೇಳಬೇಕು. ಕೇಳುವವರಾರು? ನಾನಂತೂ ಅಲ್ಲ.

ಗಮಕದ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಸ್ವರವನ್ನು ಮೇಲೆ ಕೆಳಗೆ ಬಾಗಿಸುವ ಪಿಚ್ ಬೆಂಡ್ ಚಕ್ರ ಇದೆ, ಜಾರು ತಕ್ಕಮಟ್ಟಿಗೆ ಬರುತ್ತದೆ. ಆದರೆ ಎಡಗೈ ಚಕ್ರಕ್ಕೆ ಹೋದರೆ ಕಾರ್ಡ್ಸ್ (ಒಟ್ಟಿಗೆ ಒತ್ತುವ ಸ್ವರಗಳು) ನುಡಿಸುವವರು ಯಾರು? ಮೋಹನ, ಹಂಸಧ್ವನಿ ಚೆನ್ನಾಗಿ ಒಗ್ಗುತ್ತವೆ. ಗಮಕವೇ ಜೀವಾಳವಾದ ತೋಡಿ ರಾಗ ಇದರಲ್ಲಿ ಆಗುವ ಮಾತಲ್ಲ. ಕೀಗಳು ಒತ್ತುವ ಬಲಕ್ಕೆ ಸ್ಪಂದಿಸುತ್ತವೆ, ಅದಿಲ್ಲದ ಕೀಬೋರ್ಡ್ ಬೇಡವೇ ಬೇಡ.

ಸಾಗಾಟದ ವಿಷಯ. ತೂಕ 3.3 ಕೆಜಿ, ಹಿಡಿಯಲು ಹಿಡಿಕೆಯೂ ಇದೆ. ಉದ್ದ ಮಾತ್ರ 93 ಸೆಂಟಿಮೀಟರ್. ರಶ್ ಇರುವ ಬಸ್ಸಿನಲ್ಲಿ ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕೂರಬೇಕು. 'ಹಾರ್ಮೋನಿಯಮ್ಮಾ ಸಾರ್?' ಅಂತ ಕಂಡಕ್ಟರುಗಳು ಕೇಳುತ್ತಾರೆ, ಹೌದು ಅಂದುಬಿಡುತ್ತೇನೆ. ಇದಕ್ಕಿಂತ ಚಿಕ್ಕದು ಬೇಕಾದರೆ ಯಮಹಾದ ರಿಫೇಸ್ ಸಿಪಿ ಇದೆ, ಎರಡು ಕೆಜಿಯೂ ಇಲ್ಲ. ಆದರೆ ಅದರಲ್ಲಿ 37 ಪುಟ್ಟ ಕೀಗಳು, ನನ್ನ ಬೆರಳಿಗೆ ಇಕ್ಕಟ್ಟು.

ಇಷ್ಟು ದಿನದಲ್ಲಿ ಕೈ ಕೊಟ್ಟಿದ್ದು ವೈರು ಒಂದೇ. ಅಗ್ಗದ್ದು, ಮಳೆಗಾಲದ ಥಂಡಿಗೆ ಪಿನ್ ಮೇಲೆ ಕಿಲುಬು ಹಿಡಿದು ಒಂದು ಕಿವಿಯಲ್ಲಿ ಬರೀ ಚರಚರ. ಈಗ ಎರಡು ವೈರು ಒಯ್ಯುತ್ತೇನೆ. ಬ್ಯಾಗಿನಲ್ಲಿಡುವಾಗ ರೆಕಾರ್ಡರಿನ ಹೋಲ್ಡ್ ಸ್ವಿಚ್ ಹಾಕಿಡಿ, ಇಲ್ಲಾಂದ್ರೆ ಸ್ವಿಚ್ ಸರಿದು ಆನ್ ಆಗಿ ಸೆಲ್ ಮುಗಿಯಬಹುದು.

ಹೊಸದಾಗಿ ಕೊಳ್ಳುವವರು 2024ರಲ್ಲಿ ಬಂದ ಝೂಮ್‌ನದೇ ಎಚ್1ಎಸೆನ್ಷಿಯಲ್ ರೆಕಾರ್ಡರ್ ನೋಡಿ. ಅದು 32 ಬಿಟ್ ಫ್ಲೋಟ್, ಅಂದರೆ ಸಣ್ಣ ಸದ್ದು ದೊಡ್ಡ ಸದ್ದು ಎರಡನ್ನೂ ಕೆಡದಂತೆ ಹಿಡಿಯುವ ಬಗೆ; ಡಯಲ್ ತಿರುಗಿಸುವ ಕೆಲಸವೇ ಇಲ್ಲ. ನನ್ನದಿನ್ನೂ ಗಟ್ಟಿಯಾಗಿದೆ, ಸದ್ಯಕ್ಕೆ ಬದಲಾಯಿಸುವ ಯೋಚನೆ ಇಲ್ಲ.